ಮೊದಲು ಸತ್ತದ್ದು ಯಾವುದು? ಮಲೆನಾಡಿನ ಮನೆಯಲ್ಲೊಂದು ಉಪ್ಪುನೀರಿನ ತೊಟ್ಟಿ

ಕಳೆದ ವರ್ಷ ಆಷಾಢದ ಒಂದು ಬೆಳಿಗ್ಗೆ ಆರೂವರೆಗೆ ತೀರ್ಥಹಳ್ಳಿ ಸಮೀಪದ ಅಕ್ಕನ ಮನೆಯಿಂದ ಸೋದರಳಿಯನ ಫೋನ್ ಬಂತು. "ಮಾವ, ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿವೆ. ಶಿವಮೊಗ್ಗದಿಂದ ಬರುವ ಮೊದಲ ಬಸ್ಸಿನಲ್ಲಿ ಏನಾದರೂ ಔಷಧ ಕೊಟ್ಟು ಕಳಿಸುತ್ತೀರಾ?"

ಅವನ ಉಪ್ಪುನೀರಿನ ತೊಟ್ಟಿಗೆ ಆಗ ಹನ್ನೆರಡು ದಿನ. ನೂರು ಲೀಟರ್ ನೀರು, ಎರಡು ಕ್ಲೌನ್ ಮೀನು, ಮೂರು ಡ್ಯಾಮ್ಸೆಲ್ ಮೀನು, ಒಂದು ಸೀಗಡಿ, ನಾಲ್ಕು ಬಸವನಹುಳು. ನಾನು ಔಷಧದ ಮಾತು ಎತ್ತಲಿಲ್ಲ. ಸೀಗಡಿ ಹೇಗಿದೆ ಎಂದು ಕೇಳಿದೆ. ಕಲ್ಲಿನ ಮೇಲೆ ಕುಳಿತು ಮೀಸೆ ಆಡಿಸುತ್ತಿದೆ ಎಂದ. ಮೀನುಗಳ ಮೈಮೇಲೆ ಚುಕ್ಕೆ? ಇಲ್ಲ. ಒಂದೇ ಮೀನೋ, ಐದೂ ಮೀನೋ? ಐದೂ. ರಾತ್ರಿ ಕರೆಂಟು ಹೋಗಿತ್ತೇ? ಇಲ್ಲ, ಪಂಪು ಓಡುತ್ತಲೇ ಇತ್ತು. ದಿನಕ್ಕೆ ಎಷ್ಟು ಸಲ ಆಹಾರ? "ಮೂರು ಸಲ, ಪಾಪ, ಚಿಕ್ಕ ಮೀನುಗಳಲ್ಲವೇ" ಎಂದ. ಅಲ್ಲಿಗೆ ನನಗೆ ಉತ್ತರ ಸಿಕ್ಕಿತ್ತು.

ಹೊಸ ತೊಟ್ಟಿಯಲ್ಲಿ ಮೀನು ನರಳಿದರೆ ಎಲ್ಲರೂ ಮೊದಲು ರೋಗದ ಹೆಸರು ಹುಡುಕುತ್ತಾರೆ. ಯಾವ ಜೀವಿ ಮೊದಲು ಸೋತಿತು, ಯಾವುದು ಇನ್ನೂ ಚೆನ್ನಾಗಿದೆ, ಎಷ್ಟು ಹೊತ್ತಿನಲ್ಲಿ ಹೀಗಾಯಿತು ಎಂಬುದನ್ನು ಅದಕ್ಕೂ ಮೊದಲು ನೋಡಬೇಕು. ಎಲ್ಲ ಮೀನುಗಳೂ ಒಮ್ಮೆಲೇ ಏದುಸಿರು ಬಿಟ್ಟರೆ ತಪ್ಪು ಬಹುಪಾಲು ನೀರಿನಲ್ಲಿದೆ. ಒಂದು ಮೀನಿನಿಂದ ಶುರುವಾಗಿ ದಿನ ಕಳೆದಂತೆ ಇನ್ನೊಂದಕ್ಕೆ ದಾಟಿದರೆ ರೋಗವನ್ನು ಅನುಮಾನಿಸಬೇಕು. ಮೀನುಗಳು ಹಾಯಾಗಿ ಈಜುತ್ತಿದ್ದು ಸೀಗಡಿ, ಬಸವನಹುಳುಗಳು ಮಾತ್ರ ಸತ್ತರೆ ನೀರಿಗೆ ಲೋಹ ಸೇರಿದೆಯೇ ಎಂದೋ, ಉಪ್ಪಿನ ಅಂಶ ಥಟ್ಟನೆ ಏರುಪೇರಾಗಿದೆಯೇ ಎಂದೋ ನೋಡಬೇಕು. ಬೆಳಗಿನ ಜಾವ ಮಾತ್ರ ಮೇಲೆ ಬಂದು, ಹೊತ್ತೇರಿದ ಮೇಲೆ ಸರಿಯಾದರೆ ಆಮ್ಲಜನಕದ ಕೊರತೆ.

ಅಳಿಯನ ತೊಟ್ಟಿಯ ಸಮಸ್ಯೆ ಅಮೋನಿಯಾ. ಹನಿ ಹಾಕಿ ಬಣ್ಣ ನೋಡುವ ಕಿಟ್ ಅವನ ಬಳಿ ಇತ್ತು, ಡಬ್ಬಿ ಒಡೆದಿರಲಿಲ್ಲ ಅಷ್ಟೆ. ಆ ದಿನ ಒಡೆದು ನೋಡಿದಾಗ ಗಾಜಿನ ನಳಿಕೆಯ ನೀರು ಬಾಳೆಸುಳಿಯ ಹಳದಿಯಿಂದ ಎಳೆಹುಲ್ಲಿನ ಹಸಿರಿಗೆ ತಿರುಗಿತ್ತು: ಲೀಟರ್‌ಗೆ ಸುಮಾರು 1 ಮಿಲಿಗ್ರಾಂ. ಇರಬೇಕಾದದ್ದು ಸೊನ್ನೆ.

ಮೀನು ಕಿವಿರಿನಿಂದ ಹೊರಹಾಕುವ ಕಶ್ಮಲವೇ ಅಮೋನಿಯಾ. ತಿನ್ನದೆ ಬಿಟ್ಟ ಆಹಾರ ಕೊಳೆತಾಗಲೂ ಅದು ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಕೆಡುಕಿನದಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹಿಡಿತದಲ್ಲಿರುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದು ಕಡಿಮೆ. ಕಲ್ಲು, ಮರಳು, ಫಿಲ್ಟರ್‌ನ ಸ್ಪಂಜಿಗೆ ಅಂಟಿಕೊಂಡು ಬೆಳೆಯುತ್ತವೆ, ಅದೂ ನಿಧಾನವಾಗಿ. ಹೊಸ ತೊಟ್ಟಿಯಲ್ಲಿ ಸಾಕಷ್ಟು ಸಂಖ್ಯೆಗೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಚಳಿಯಲ್ಲಿ ಇನ್ನೂ ಹೆಚ್ಚು.

ಹಾಲು ತಾನಾಗಿ ಒಡೆಯಲು ಬಿಡುವುದಕ್ಕೂ ಹೆಪ್ಪು ಹಾಕುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ ಇಲ್ಲಿಯೂ ಅಷ್ಟೇ ಇದೆ. ಆರೋಗ್ಯವಾಗಿರುವ ಹಳೆಯ ತೊಟ್ಟಿಯಿಂದ ಒಂದು ಕಲ್ಲನ್ನೋ, ಹಿಡಿ ಮರಳನ್ನೋ ಒದ್ದೆಯಾಗಿಯೇ ತಂದು ಹಾಕಿದರೆ ಅದೇ ಹೆಪ್ಪು. ಸೀಸೆಯಲ್ಲಿ ಮಾರುವ ಬ್ಯಾಕ್ಟೀರಿಯಾವೂ ಸಿಗುತ್ತದೆ, ತಾಜಾ ಇದ್ದರೆ ಕೆಲಸ ಮಾಡುತ್ತದೆ. ಆದರೆ ಹೆಪ್ಪು ಹಾಕಿದ ತಕ್ಷಣ ಯಾರೂ ಮಜ್ಜಿಗೆ ಕಡೆಯುವುದಿಲ್ಲ. ಮೀನು ಬಿಡುವ ಮೊದಲು ಖಾಲಿ ತೊಟ್ಟಿಗೆ ಅಮೋನಿಯಂ ಕ್ಲೋರೈಡ್ ಹಾಕಿ ಲೀಟರ್‌ಗೆ 2 ಮಿಲಿಗ್ರಾಂ ಅಮೋನಿಯಾ ಬರುವಂತೆ ಮಾಡಿ. ಮಾರನೆಯ ದಿನದೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದರೆ ತೊಟ್ಟಿ ಸಿದ್ಧವಾಗಿದೆ. ಇಳಿಯದಿದ್ದರೆ ಕಾಯಬೇಕು. ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆರು ವಾರ ಸಾಕಿದ ಬ್ಯಾಕ್ಟೀರಿಯಾವನ್ನು ನಲ್ಲಿ ನೀರಿನ ಕ್ಲೋರಿನ್ ನಿಮಿಷಗಳಲ್ಲಿ ಕೊಲ್ಲುತ್ತದೆ. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದ್ದಿ ಹಿಂಡಿದರೆ ಸಾಕು.

ಸಿಹಿನೀರಿನ ಮೀನು ಸಾಕಿ ಅಭ್ಯಾಸವಿರುವವರು ಎಡವುವ ಜಾಗವೊಂದು ಇಲ್ಲಿದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಅಷ್ಟಾಗಿ ತೊಂದರೆ ಕೊಡದು, ಇನ್ನೊಂದು ಕಿವಿರು ಸುಡುವ ವಿಷ. ಯಾವುದು ಎಷ್ಟು ಎಂಬುದನ್ನು ಮುಖ್ಯವಾಗಿ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ನಿರ್ಧರಿಸುತ್ತದೆ. ಪಿಎಚ್ 7 ಇರುವ ನೀರಿನಲ್ಲಿ ಒಟ್ಟು ಅಮೋನಿಯಾದ ನೂರಕ್ಕೆ 0.5 ಪಾಲು ಮಾತ್ರ ವಿಷರೂಪದಲ್ಲಿದ್ದರೆ, ಪಿಎಚ್ 8.2ರ ಕಡಲ ನೀರಿನಲ್ಲಿ ಅದು ನೂರಕ್ಕೆ ಏಳರ ಆಸುಪಾಸು. ಕಿಟ್ ತೋರಿಸುವ ಬಣ್ಣ ಒಂದೇ ಆದರೂ ವಿಷ ಹತ್ತು ಪಟ್ಟಿಗೂ ಹೆಚ್ಚು. ನೈಟ್ರೈಟ್ ಸಂಗತಿ ತಿರುವುಮುರುವು: ಉಪ್ಪುನೀರಿನ ಕ್ಲೋರೈಡ್ ಅದನ್ನು ಕಿವಿರಿನೊಳಗೆ ಹೋಗಲು ಸುಲಭವಾಗಿ ಬಿಡುವುದಿಲ್ಲ, ಹಾಗಾಗಿ ಸಿಹಿನೀರಿನಲ್ಲಿ ಮಾಡುವಷ್ಟು ಹಾನಿಯನ್ನು ಇಲ್ಲಿ ಮಾಡದು.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವ ಮೀನಿನ ಚೀಲಕ್ಕೂ ಇದೇ ಲೆಕ್ಕ. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಕೆಳಗಿಳಿಯುತ್ತದೆ. ಅಮೋನಿಯಾ ತುಂಬಿದ್ದರೂ ಆ ಹೊತ್ತಿಗೆ ಅದು ಹಲ್ಲು ಕಿತ್ತ ಹಾವು. ಚೀಲ ಬಿಚ್ಚಿದೊಡನೆ ಆ ಗಾಳಿ ಹೊರಹೋಗಿ ಪಿಎಚ್ ಏರುತ್ತದೆ, ಹಲ್ಲು ಮರಳಿ ಬರುತ್ತದೆ. ಆದ್ದರಿಂದ ದೂರದಿಂದ ಬಂದ ಚೀಲವನ್ನು ಬಿಚ್ಚಿಟ್ಟು ಎರಡು ಗಂಟೆ ಹನಿಹನಿಯಾಗಿ ತೊಟ್ಟಿಯ ನೀರು ಸೇರಿಸುತ್ತ ಕೂರುವುದು ಒಳ್ಳೆಯದಲ್ಲ. ಚೀಲ ಮುಚ್ಚಿರುವಾಗಲೇ ಹತ್ತಿಪ್ಪತ್ತು ನಿಮಿಷ ನೀರಿನಲ್ಲಿ ತೇಲಿಸಿ ಉಷ್ಣತೆ ಸಮ ಮಾಡಿ. ಬಿಚ್ಚಿದೊಡನೆ ಚೀಲದ ನೀರಿನ ಉಪ್ಪನ್ನು ಅಳೆಯಿರಿ, ಬೇರೆ ಟಬ್ಬಿನ ನೀರನ್ನು ಅದಕ್ಕೆ ಹೊಂದಿಸಿ ಮೀನನ್ನು ಬೇಗ ದಾಟಿಸಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ.

ಅಳಿಯನಿಗೆ ಆ ದಿನ ಹೇಳಿದ್ದು ಇಷ್ಟು: ಎರಡು ದಿನ ಆಹಾರ ಬಂದ್, ಅರ್ಧ ನೀರು ಬದಲಿಸು. ಅವನು ಹೆದರಿ ಹತ್ತು ಲೀಟರ್ ಬದಲಿಸಲು ಹೊರಟಿದ್ದ. ನೂರು ಲೀಟರ್‌ನಲ್ಲಿ ಹತ್ತು ಬದಲಿಸಿದರೆ 1 ಇದ್ದದ್ದು 0.9 ಆಗುತ್ತದೆ, ಮೀನಿಗೆ ಅದರಿಂದ ಏನೂ ಉಪಕಾರವಿಲ್ಲ. ಐವತ್ತು ಬದಲಿಸಿದರೆ 0.5, ಸಂಜೆ ಮತ್ತೆ ಐವತ್ತು ಬದಲಿಸಿದರೆ 0.25. ಹೊಸ ನೀರಿನ ಉಪ್ಪು ಮತ್ತು ಉಷ್ಣತೆ ಹಳೆಯದಕ್ಕೆ ಹೊಂದಿದ್ದರೆ ಅರ್ಧ ನೀರು ಬದಲಿಸಿದರೂ ಮೀನಿಗೆ ತೊಂದರೆಯಾಗದು. ಎರಡು ಡ್ಯಾಮ್ಸೆಲ್ ಉಳಿಯಲಿಲ್ಲ. ಮೂರು ಮೀನು ಉಳಿದವು. ಆ ತೊಟ್ಟಿಗೆ ಅದೇ ಸರಿಯಾದ ಸಂಖ್ಯೆ.

ಉಪ್ಪು ಏಕೆ ಅಷ್ಟು ಕರಾರುವಾಕ್ಕಾಗಿರಬೇಕು ಎಂಬುದಕ್ಕೆ ನಮ್ಮ ಅಡುಗೆಮನೆಯಲ್ಲೇ ಉತ್ತರವಿದೆ. ಅಪ್ಪೆಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಕಡಲ ಮೀನಿನ ಬಾಳು ಅಂತಹ ಭರಣಿಯೊಳಗಿನ ಬಾಳು. ಸುತ್ತಲಿನ ಉಪ್ಪು ಅದರ ಮೈಯ ನೀರನ್ನು ಸದಾ ಹೊರಗೆಳೆಯುತ್ತಿರುತ್ತದೆ. ಅದಕ್ಕಾಗಿ ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರದಬ್ಬುತ್ತದೆ. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿಗೆ ಮುಗಿಬೀಳುವ ಮೀನುಗಳದು ಇದಕ್ಕೆ ಪೂರಾ ವಿರುದ್ಧ: ನೀರು ತಾನಾಗಿ ಮೈಯೊಳಗೆ ನುಗ್ಗುತ್ತದೆ, ಅವು ಅದನ್ನು ಮೂತ್ರವಾಗಿ ಹೊರಹಾಕುತ್ತವೆ. ಹೀಗಾಗಿ ಕಡಲ ಮೀನಿನ ಕಿವಿರಿಗೆ ಅಮೋನಿಯಾವೋ ಪರಾವಲಂಬಿಯೋ ಪೆಟ್ಟು ಕೊಟ್ಟರೆ ಉಸಿರಾಟ ಕೆಡುವುದರ ಜೊತೆಗೆ ಅದು ನೀರಿನ ನಡುವೆಯೇ ನಿರ್ಜಲೀಕರಣದಿಂದ ಸಾಯುತ್ತದೆ.

ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪು, ಸಾಪೇಕ್ಷ ಸಾಂದ್ರತೆ 1.025ರಿಂದ 1.026: ಇದು ಕಡಲಿನ ಅಳತೆ. ಉಪ್ಪು ಅಳೆಯುವ ಪ್ಲಾಸ್ಟಿಕ್ಕಿನ ಅಗ್ಗದ ಹೈಡ್ರೋಮೀಟರ್‌ನ ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಕೊಳ್ಳಿ, 35 ಎಂದು ಗುರುತಿಸಿದ ಪರೀಕ್ಷಾ ದ್ರಾವಣದಿಂದ ತಿಂಗಳಿಗೊಮ್ಮೆ ಅದನ್ನೂ ಸರಿಪಡಿಸಿಕೊಳ್ಳಿ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಶಿವಮೊಗ್ಗದ ಏಪ್ರಿಲ್ ಬಿಸಿಲಿನಲ್ಲಿ ನೂರು ಲೀಟರ್ ತೊಂಬತ್ತಕ್ಕೆ ಇಳಿದರೆ 35 ಇದ್ದ ಉಪ್ಪು 39ರ ಹತ್ತಿರ ಬಂದಿರುತ್ತದೆ. ಕಡಿಮೆಯಾದಷ್ಟನ್ನು ಶುದ್ಧ ಸಿಹಿನೀರಿನಿಂದ ದಿನವೂ ತುಂಬಬೇಕು. ಉಪ್ಪುನೀರು ತುಂಬಿದರೆ ಉಪ್ಪು ವಾರದಿಂದ ವಾರಕ್ಕೆ ಮೇಲೇರುತ್ತ ಹೋಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ ಆವಿ ಕಡಿಮೆ. ಬೇಸಿಗೆಯ ಅಭ್ಯಾಸದಲ್ಲಿ ಅಳತೆ ನೋಡದೆ ಕೊಡ ಸುರಿದರೆ ಉಪ್ಪು ತೆಳುವಾಗುತ್ತದೆ.

ಸಾಣಿಕಟ್ಟೆಯ ಕಲ್ಲುಪ್ಪು ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಅದೂ ಸಮುದ್ರದ್ದೇ ಎಂಬ ತರ್ಕ ಸಹಜ. ಉಪ್ಪಿನ ಗದ್ದೆಯಲ್ಲಿ ನೀರು ಆರುವಾಗ ಹರಳುಗಟ್ಟುವುದು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಮೆಗ್ನೀಸಿಯಂ, ಪೊಟ್ಯಾಸಿಯಂ ಕೊನೆಯಲ್ಲಿ ಉಳಿಯುವ ಕಹಿನೀರಿನಲ್ಲೇ ಉಳಿದುಬಿಡುತ್ತವೆ. ಕಲ್ಲುಪ್ಪನ್ನು ಮತ್ತೆ ಕರಗಿಸಿದರೆ ಉಪ್ಪುನೀರಾಗುತ್ತದೆ, ಕಡಲಾಗುವುದಿಲ್ಲ. ಅಕ್ವೇರಿಯಂಗೆಂದೇ ಮಾಡಿದ ಸಮುದ್ರ ಉಪ್ಪಿನ ಮಿಶ್ರಣ ದುಬಾರಿಯಾದರೂ ಅದನ್ನೇ ತರಬೇಕು.

ಘಟ್ಟ ಇಳಿದರೆ ಕಡಲೇ ಇದೆಯಲ್ಲ, ಕ್ಯಾನಿನಲ್ಲಿ ತುಂಬಿ ತರಬಾರದೇ? ತರಬಹುದು, ಮಳೆಗಾಲ ಪೂರ್ತಿ ಕಳೆದ ಮೇಲೆ, ನದಿ ಸೇರುವ ಜಾಗ ಮತ್ತು ದೋಣಿ ನಿಲ್ಲುವ ಬಂದರಿನಿಂದ ದೂರದಲ್ಲಿ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಶ್ರಾವಣದಲ್ಲಿ ಅಲ್ಲಿ ತುಂಬಿದ ನೀರು ಅರ್ಧ ಮಲೆನಾಡಿನ ಮಳೆಯೇ ಆಗಿರುತ್ತದೆ. ಆದರೆ ನೀರಿನ ಜೊತೆಗೆ ಹವಳದ ತುಂಡನ್ನು ಎತ್ತಿಕೊಂಡು ಬರಬೇಡಿ. ಕಲ್ಲುಹವಳ, ಕಡಲಕುದುರೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಕಾಯ್ದೆಯ ಮಾತು ಹಾಗಿರಲಿ, ನೇತ್ರಾಣಿ ದ್ವೀಪದ ಸುತ್ತ ಉಳಿದಿರುವ ಅಷ್ಟಿಷ್ಟು ಹವಳ ಅಲ್ಲೇ ಇರಲಿ ಎಂಬುದು ನನ್ನ ಮನಸ್ಸಿನ ಆಸೆ. ಸುಟ್ಟ ಮಣ್ಣಿನ ರಂಧ್ರಭರಿತ ಕಲ್ಲುಗಳಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿಯೇ ಬೆಳೆಯುತ್ತದೆ.

ಉಪ್ಪು ಬೆರೆಸುವ ಸಿಹಿನೀರು ಯಾವುದು ಎಂಬುದೂ ಅಷ್ಟೇ ಮುಖ್ಯ. ಗಂಗಾ ಸ್ನಾನ, ತುಂಗಾ ಪಾನ ಎನ್ನುವವರು ನಾವು. ಕುಡಿಯಲು ತುಂಗೆಯ ನೀರು ಹಿತವೇ, ಆದರೆ ನಲ್ಲಿಗೆ ಬರುವಾಗ ಅದರಲ್ಲಿ ಕ್ಲೋರಿನ್ ಇರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣ, ನೈಟ್ರೇಟ್ ಇರಬಹುದು. ಹೆಂಚಿನ ಮಾಡಿನ ಮಳೆನೀರು ಮೃದುವಾದದ್ದು, ಆದರೆ ಹಕ್ಕಿಯ ಹಿಕ್ಕೆ, ಪಾಚಿ, ತಗಡಿನ ಮಾಡಾದರೆ ಸತು, ಪಕ್ಕದ ತೋಟದಿಂದ ಹಾರಿಬಂದ ಬೋರ್ಡೋ ದ್ರಾವಣ (ಕೊಳೆರೋಗಕ್ಕೆ ಹೊಡೆಯುವ ತಾಮ್ರದ ಔಷಧ), ಎಲ್ಲವೂ ಅದರಲ್ಲಿ ಇಳಿದಿರುತ್ತವೆ. ಆರ್‌ಒ ಯಂತ್ರದ ನೀರೇ ಕ್ಷೇಮ. ಮೊದಲ ವಾರಗಳಲ್ಲಿ ಮರಳಿನ ಮೇಲೆ ಕಂದು ಪುಡಿಯಂತೆ ಹರಡುವ ಪಾಚಿಗೆ ನೀರಿನ ಸಿಲಿಕೇಟ್ ಕಾರಣ. ಅದು ಬಂದಂತೆಯೇ ಹೋಗುತ್ತದೆ, ಅದಕ್ಕೆ ಯಾವ ಔಷಧವೂ ಬೇಡ.

ಮಳೆಗಾಲದಲ್ಲಿ ಇನ್ನೆರಡು ತೊಂದರೆಗಳು. ಕಿಟಕಿ ಬಾಗಿಲು ಮುಚ್ಚಿದ ಮನೆಯೊಳಗೆ ಜನರ ಉಸಿರು, ಒಲೆಯ ಹೊಗೆ ಸೇರಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಅದು ನೀರಿಗಿಳಿದು ಪಿಎಚ್ 7.8ಕ್ಕೆ ಬರುತ್ತದೆ. ಪಿಎಚ್ ಏರಿಸುವ ಪುಡಿ ಸುರಿಯುವ ಮೊದಲು ಒಂದು ಲೋಟ ತೊಟ್ಟಿ ನೀರನ್ನು ಜಗಲಿಗೆ ಒಯ್ದು ಒಂದು ಗಂಟೆ ಗಾಳಿ ಪಂಪು ಹಾಕಿ ಅಳೆಯಿರಿ. ಪಿಎಚ್ ಏರಿದರೆ ತೊಂದರೆ ಮನೆಯ ಗಾಳಿಯಲ್ಲಿದೆ, ಹಗಲು ಕಿಟಕಿ ತೆರೆಯಿರಿ. ಇನ್ನೊಂದು ಕರೆಂಟು. ಕಡಲ ನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಗಾಳಿಮಳೆಗೆ ಮರ ಬಿದ್ದು ರಾತ್ರಿಯಿಡೀ ಕತ್ತಲೆಯಾದರೆ ಮೀನು ಉಸಿರುಕಟ್ಟುತ್ತದೆ. ಬ್ಯಾಟರಿಯ ಗಾಳಿ ಪಂಪೊಂದು ಮನೆಯಲ್ಲಿರಲೇಬೇಕು, ಔಷಧದ ಸೀಸೆಗಿಂತ ಮೊದಲು ಕೊಳ್ಳಬೇಕಾದದ್ದು ಅದು.

ನೀರು ಪೂರ್ತಿ ಸರಿಯಿದ್ದೂ ಮೀನು ಕಾಯಿಲೆ ಬೀಳುತ್ತದೆ. ನನ್ನದೇ ತೊಟ್ಟಿಯಲ್ಲಿ ಒಮ್ಮೆ ಹೊಸ ಮೀನನ್ನು ಬೇರೆಯಾಗಿಡದೆ ನೇರ ಬಿಟ್ಟೆ. ಐದನೇ ದಿನ ಅದರ ರೆಕ್ಕೆಗಳ ಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳು ಎದ್ದವು. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಆಹಾರ ಕೊಟ್ಟೆ, ನಾಲ್ಕು ದಿನದಲ್ಲಿ ಚುಕ್ಕೆ ಮಾಯವಾಯಿತು, ಗುಣವಾಯಿತೆಂದು ಸಂತೋಷಪಟ್ಟೆ. ಹತ್ತು ದಿನ ಬಿಟ್ಟು ಎಲ್ಲ ಮೀನುಗಳ ಮೇಲೂ ಚುಕ್ಕೆ.

ಇದನ್ನು ಮಾಡುವ ಪರಾವಲಂಬಿಯ ಹೆಸರು ಕ್ರಿಪ್ಟೋಕ್ಯಾರಿಯಾನ್. ಅದರ ಬದುಕು ಹಸುವಿನ ಮೈಯ ಉಣುಗನ್ನು ಹೋಲುತ್ತದೆ. ಉಣುಗು ರಕ್ತ ಕುಡಿದು ದಪ್ಪವಾಗಿ ತಾನೇ ಕಳಚಿ ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತದೆ. ಹಸುವಿನ ಮೈ ಚೊಕ್ಕವಾಯಿತು ಎಂದರೆ ಹುಲ್ಲಿನಲ್ಲಿ ಮರಿಗಳು ಬರಲಿವೆ ಎಂದರ್ಥ. ಈ ಜೀವಿಯೂ ಮೀನಿನ ಚರ್ಮದ ಕೆಳಗೆ ಮೂರರಿಂದ ಏಳು ದಿನ ತಿಂದು, ಕಳಚಿ ಮರಳಿಗೆ ಬಿದ್ದು, ಗಟ್ಟಿ ಚಿಪ್ಪು ಕಟ್ಟಿಕೊಂಡು ಒಳಗೇ ಒಡೆದು ನೂರಾರಾಗುತ್ತದೆ. ಆ ಚಿಪ್ಪನ್ನು ಯಾವ ಔಷಧವೂ ಭೇದಿಸದು. ಔಷಧಕ್ಕೆ ಸಿಗುವುದು ಮರಿಗಳು ಈಜುತ್ತ ಮೀನನ್ನು ಹುಡುಕುವ ಕೆಲವು ಗಂಟೆಗಳಲ್ಲಿ ಮಾತ್ರ. ಅದಕ್ಕೇ ಎಲ್ಲ ಮೀನುಗಳನ್ನೂ ಬೇರೆ ಟಬ್ಬಿಗೆ ತೆಗೆದು ಅಲ್ಲಿ ತಾಮ್ರದ ಔಷಧವನ್ನು ಕಿಟ್ಟಿನಿಂದ ಅಳೆಯುತ್ತ ಕೊಡಬೇಕು. ದೊಡ್ಡ ತೊಟ್ಟಿಯಲ್ಲಿ ಒಂದೂ ಮೀನಿಲ್ಲದಂತೆ ಬಿಟ್ಟು ಮರಿಗಳನ್ನು ಉಪವಾಸ ಕೆಡವಬೇಕು. ಹವ್ಯಾಸಿಗಳು ಇದಕ್ಕೆ 76 ದಿನದ ಲೆಕ್ಕ ಹಿಡಿಯುತ್ತಾರೆ. ಉದ್ದವೆನಿಸುತ್ತದೆ, ನಾನೂ ಮೊದಲ ಸಲ ನಲವತ್ತಕ್ಕೇ ಸೋತು ಮತ್ತೆ ಸೊನ್ನೆಯಿಂದ ಎಣಿಸಿದೆ.

ಚುಕ್ಕೆಗಳು ಹರಳಿನಷ್ಟಿರದೆ ಚಿನ್ನದ ಹುಡಿ ಎರಚಿದಂತೆ ನುಣ್ಣಗಿದ್ದು, ಮೀನು ಪಂಪಿನ ಧಾರೆಗೆ ಮುಖವೊಡ್ಡಿ ನಿಂತು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ರೋಗ. ದೀಪ ಆರಿಸಿ ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಅದಕ್ಕೂ ತಾಮ್ರವೇ ಮದ್ದು, ಆದರೆ ಅದು ವಾರ ಕಾಯುವುದಿಲ್ಲ, ಎರಡು ಮೂರು ದಿನದಲ್ಲಿ ತೊಟ್ಟಿ ಖಾಲಿ ಮಾಡುತ್ತದೆ. ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಪದರ ಕಳಚುತ್ತಿದ್ದರೆ ಅದು ಮತ್ತೊಂದು ರೋಗ, ಅದಕ್ಕೆ ತಾಮ್ರ ಕೆಲಸ ಮಾಡದು. ಅಂತಹ ಹೊತ್ತಿನಲ್ಲಿ ಅಂದಾಜಿಗೆ ಔಷಧ ಹಾಕದೆ ಮೀನಿನ ರೋಗ ಬಲ್ಲವರಿಗೆ ವಿಡಿಯೊ ಕಳುಹಿಸಿ ಕೇಳಿ.

ತಾಮ್ರವನ್ನು ಬೇರೆ ಟಬ್ಬಿನಲ್ಲೇ ಕೊಡಬೇಕು ಎಂದು ಒತ್ತಿ ಹೇಳಲು ಕಾರಣವಿದೆ. ಮೀನನ್ನು ಗುಣಪಡಿಸುವ ಪ್ರಮಾಣವೇ ಸೀಗಡಿ, ಬಸವನಹುಳು, ಹವಳಗಳಿಗೆ ಮರಣ. ಕಲ್ಲು, ಮರಳು ಅದನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಬಿಡುತ್ತವೆ.

ದೀಪಾವಳಿ ಕಳೆದ ವಾರ ಅಳಿಯ ಮತ್ತೆ ಫೋನ್ ಮಾಡಿದ. ಮೀನುಗಳು ಮೂರೂ ಚೆನ್ನಾಗಿವೆ, ಸೀಗಡಿ ಅಂಗಾತ ಬಿದ್ದಿದೆ, ಬಸವನಹುಳುಗಳು ಗಾಜು ಬಿಟ್ಟು ಕೆಳಗುರುಳಿವೆ. ಅಮೋನಿಯಾ ಸೊನ್ನೆ, ಉಪ್ಪು 35. ಈ ಸಲ ಅವನೇ ಹೇಳಿದ: "ಮಾವ, ಇದು ಲೋಹವೇ ಇರಬೇಕು. ಆದರೆ ಎಲ್ಲಿಂದ ಬಂತು?" ತೋಟಕ್ಕೆ ಕೊಳೆರೋಗದ ಔಷಧ ಹೊಡೆದು ತಿಂಗಳುಗಳಾಗಿದ್ದವು. ನೂರು ಲೀಟರ್‌ಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) ಕಲಸಿದ ಕೈಯನ್ನು ತೊಟ್ಟಿಗೆ ಇಳಿಸಿದರೆ ಇದೇ ಗತಿ, ಆದರೆ ಅದು ಆಷಾಢ ಶ್ರಾವಣದ ಮಾತು.

ಉತ್ತರ ಬಚ್ಚಲುಮನೆಯಲ್ಲಿತ್ತು. ಚಳಿ ಶುರುವಾಗಿದ್ದರಿಂದ, ಬದಲಿಸುವ ನೀರು ಬೆಚ್ಚಗಿರಲಿ ಎಂದು ಅವನು ಹಂಡೆಯಿಂದ ಎರಡು ಬಕೆಟ್ ನೀರು ಬೆರೆಸಿದ್ದ. ತಾಮ್ರದ ಹಂಡೆ, ನೀರು ತುಂಬುವ ಹಬ್ಬಕ್ಕೆಂದು ಅಕ್ಕ ಹುಣಸೆಹಣ್ಣು ಹಚ್ಚಿ ಕನ್ನಡಿಯಂತೆ ತಿಕ್ಕಿದ್ದಳು. ಹಳೆಯ ಕಪ್ಪು ಪದರವಿದ್ದರೆ ತಾಮ್ರ ಅಷ್ಟಾಗಿ ಕರಗದು. ಅದನ್ನು ತಿಕ್ಕಿ ತೆಗೆದ ಮೇಲೆ ನಮ್ಮ ಬಾವಿಯ ಮೃದುವಾದ, ತುಸು ಹುಳಿಯಂಶದ ನೀರು ರಾತ್ರಿಯೆಲ್ಲ ಬೆಚ್ಚಗೆ ನಿಂತು ತಾಮ್ರವನ್ನು ಸಾಕಷ್ಟು ಎಳೆದುಕೊಂಡಿತ್ತು. ಮನುಷ್ಯರ ಸ್ನಾನಕ್ಕೆ ಅದರಿಂದ ಏನೂ ಕೆಡುಕಿಲ್ಲ. ಮೀನುಗಳಿಗೂ ಗೊತ್ತಾಗಲಿಲ್ಲ. ಸೀಗಡಿಗೆ ಅಷ್ಟೇ ಸಾಕಾಯಿತು.

ಮೂರು ವಾರ ಲೋಹ ಹೀರುವ ರಾಳವನ್ನೂ ಇದ್ದಿಲನ್ನೂ ಫಿಲ್ಟರ್‌ನಲ್ಲಿಟ್ಟು, ಆರ್‌ಒ ನೀರಿನಿಂದ ಮಾಡಿದ ಉಪ್ಪುನೀರನ್ನು ನಾಲ್ಕು ಸಲ ಬದಲಿಸಿ, ತಾಮ್ರದ ಕಿಟ್ ಸೊನ್ನೆ ತೋರಿದ ಮೇಲೆ ಮೊದಲು ಒಂದು ಬಸವನಹುಳು ಬಿಟ್ಟು ನೋಡಿದೆವು. ಹತ್ತು ದಿನ ಅದು ಗಾಜು ಹತ್ತಿ ಇಳಿದ ಮೇಲೆ ಹೊಸ ಸೀಗಡಿ ಬಂತು. ತೊಟ್ಟಿಯ ನೀರಿಗೆಂದೇ ನೀಲಿ ಪ್ಲಾಸ್ಟಿಕ್ ಬಕೆಟ್ ಒಂದನ್ನು ಅಳಿಯ ಅಟ್ಟದಿಂದ ಇಳಿಸಿದ.

ಸಂಕ್ರಾಂತಿಯ ಹೊತ್ತಿಗೆ ಮತ್ತೊಂದು ಫೋನ್. "ಮಾವ, ಇದೂ ಸತ್ತಿತು." ಫೋಟೊ ಕಳಿಸು ಎಂದೆ. ಮರಳಿನ ಮೇಲೆ ಮೀಸೆ, ಕಾಲು, ಕಣ್ಣಿನ ಗೂಡು ಸಮೇತ ಇಡೀ ಸೀಗಡಿ ಮಲಗಿದಂತಿತ್ತು. ದೊಡ್ಡದು ಮಾಡಿ ನೋಡಿದರೆ ಅದರ ಮೈಯೊಳಗಿಂದ ಹಿಂದಿನ ಕಲ್ಲು ಕಾಣುತ್ತಿತ್ತು, ತಲೆ ಮತ್ತು ಬೆನ್ನು ಸೇರುವಲ್ಲಿ ಸೀಳಿತ್ತು. ಬೆಳೆಯುವ ಸೀಗಡಿ ಕೆಲವು ವಾರಗಳಿಗೊಮ್ಮೆ ಹೀಗೆ ಚಿಪ್ಪು ಕಳಚುತ್ತದೆ, ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅಡಗಿ ಕೂರುತ್ತದೆ. ಕಲ್ಲಿನ ಹಿಂದೆ ಟಾರ್ಚು ಬಿಡು ಎಂದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅವನು ಅಮ್ಮನನ್ನು ಕೂಗಿ ಕರೆಯುವುದು ಕೇಳಿಸಿತು.